ಆರಾಮಾಗಿದ್ದ ಅಮ್ಮನಿಗೆ ಪಾಸಿಟಿವ್ ಹೇಗೆ ಬಂತು?

ಓದುಗರ ಪ್ರಶ್ನೆಗಳಿಗೆ ಸರ್ಕಾರಿ ಲ್ಯಾಬ್ ಒಂದರಿಂದ ನಿವೃತ್ತರಾದ ಮೈಕ್ರೋಬಯಾಲಜಿಸ್ಟ್ ವೈದ್ಯೆಯೊಬ್ಬರು ಈ ಪುಟದಲ್ಲಿ ಉತ್ತರಿಸುತ್ತಾರೆ.

ಪ್ರಶ್ನೆ: ನಮಸ್ಕಾರ ಮೇಡಂ. 2020ರ ಆಗಸ್ಟ್‌ನಲ್ಲಿ ನಮ್ಮಮ್ಮನಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಗಬೇಕಿತ್ತು. ಅಡ್ಮಿಟ್ ಮಾಡುವ ಮುಂಚೆ ಗಂಟಲು ದ್ರವ ತೆಗೆದು ಕೋವಿಡ್‌ನ ಆರ್‌ಟಿ-ಪಿಸಿಆರ್ ಟೆಸ್ಟಿಗೆ ಕಳಿಸಿದರು. ಪಾಸಿಟಿವ್ ಬಂತು. ಅಮ್ಮನಿಗೆ ಜ್ವರ ಇಲ್ಲ, ಕೆಮ್ಮಿಲ್ಲ, ಒಂದು ಸೀನೂ ಇಲ್ಲ. ಆಪರೇಷನ್ ಮುಂದಕ್ಕೆ ಹೋಯಿತು. ಮನೆ ಮುಂದೆ ಬ್ಯಾರಿಕೇಡ್ ಇಟ್ಟು ಸೀಲ್‌ಡೌನ್ ಮಾಡಿದರು. ಹಾಲಿನವರೂ ಬರಲಿಲ್ಲ. ಅದೇ ಆಸ್ಪತ್ರೆಯಲ್ಲಿ ಬೇರೆ ಬೇರೆ ಕಾಯಿಲೆಗೆ ಬಂದ ಇನ್ನೂ ಕೆಲವರಿಗೆ ಹೀಗೇ ಬಂದಿತ್ತಂತೆ. ಅವರೂ ಆರಾಮಾಗಿಯೇ ಇದ್ದರು. ದುಡ್ಡಿಗೋಸ್ಕರ ಪಾಸಿಟಿವ್ ಮಾಡಿದ್ದು ಅಂತ ಅಣ್ಣ ಇವತ್ತಿಗೂ ಹೇಳುತ್ತಾನೆ. ಈಗ ಅಪ್ಪನಿಗೆ ಹರ್ನಿಯಾ ಆಪರೇಷನ್. ಕೋವಿಡ್ ಟೆಸ್ಟ್ ಬೇಡ ಅಂತ ಆಸ್ಪತ್ರೆಯವರೇ ಹೇಳಿದರು. ಆಗ ಎಲ್ಲರಿಗೂ ಬೇಕಿತ್ತು, ಈಗ ಯಾರಿಗೂ ಬೇಡ. ಹಾಗಾದರೆ ಆಗ ನಡೆದದ್ದು ಮೋಸ ಅಲ್ವಾ? ಲಕ್ಷಣವೇ ಇಲ್ಲದೆ ಅಷ್ಟು ಜನಕ್ಕೆ ಸೋಂಕು ಇರುತ್ತದಾ?
— ಓದುಗರೊಬ್ಬರು, ಶಿವಮೊಗ್ಗ ಜಿಲ್ಲೆ

ಉತ್ತರ: ಇರುತ್ತದೆ ಅಮ್ಮಾ. ನಿಮ್ಮಣ್ಣನ ಸಿಟ್ಟು ನನಗೆ ಹೊಸದಲ್ಲ. ಆ ವರ್ಷ ನಾನು ಆರ್‌ಟಿ-ಪಿಸಿಆರ್ ವರದಿಗಳಿಗೆ ಸಹಿ ಹಾಕುತ್ತಿದ್ದೆ. ರಾತ್ರಿ ಹೊತ್ತು ಫೋನ್ ಬರುತ್ತಿತ್ತು. "ಮೇಡಂ, ನಮ್ಮವರು ಈಗಷ್ಟೇ ಮುದ್ದೆ ಉಂಡು ಮಲಗಿದ್ದಾರೆ, ಇವರಿಗೆಂಥ ಕೊರೊನಾ?" ಅಂತ. ಹಾಗೆ ಕೇಳಿದವರು ಸುಳ್ಳು ಹೇಳುತ್ತಿರಲಿಲ್ಲ. ಅವರು ಆರಾಮಾಗಿದ್ದದ್ದು ನಿಜ, ಮೂಗಿನಲ್ಲಿ ವೈರಸ್ ಇದ್ದದ್ದೂ ನಿಜ. ಇವೆರಡೂ ಒಟ್ಟಿಗೆ ಇರಬಹುದು ಅನ್ನೋದನ್ನು ಫೋನಿನಲ್ಲಿ ಎರಡು ನಿಮಿಷದಲ್ಲಿ ಹೇಳೋದು ಕಷ್ಟವಿತ್ತು. ಇಲ್ಲಿ ಸ್ವಲ್ಪ ಜಾಗ ಇದೆ, ಸಾವಕಾಶವಾಗಿ ಹೇಳುತ್ತೇನೆ.

ನನ್ನ ಕಣ್ಣು ತೆರೆಸಿದ ಲೆಕ್ಕ ನ್ಯೂಯಾರ್ಕಿನದು. 2020ರ ಮಾರ್ಚ್ 22ರಿಂದ ಏಪ್ರಿಲ್ 4ರವರೆಗೆ, ಕೊಲಂಬಿಯಾ ವಿಶ್ವವಿದ್ಯಾಲಯದ ಜೊತೆ ಸೇರಿದ ಎರಡು ಆಸ್ಪತ್ರೆಗಳಲ್ಲಿ ಹೆರಿಗೆಗೆ ಬಂದವರಿಗೆಲ್ಲ ಟೆಸ್ಟ್ ಮಾಡಿದರು. ಜ್ವರ ಇರಲಿ, ಬಿಡಲಿ. ಆ ಎರಡು ವಾರದಲ್ಲಿ ಹೆತ್ತವರು 215 ಮಂದಿ. ಬರುವಾಗಲೇ ಜ್ವರವೋ ಕೆಮ್ಮೋ ಇದ್ದವರು ನಾಲ್ಕೇ ಜನ. ಆ ನಾಲ್ವರಿಗೂ ಪಾಸಿಟಿವ್. ಉಳಿದವರಲ್ಲಿ 210 ಮಂದಿಯ ಸ್ವಾಬ್ ತೆಗೆದರು. "ನನಗೇನೂ ಇಲ್ಲ" ಅಂದ ಈ 210ರಲ್ಲಿ 29 ಮಂದಿಗೆ ಪಾಸಿಟಿವ್ ಬಂತು. ನೂರಕ್ಕೆ 13.8. ಒಟ್ಟು ಸೋಂಕು ಇದ್ದ 33 ತಾಯಂದಿರಲ್ಲಿ 29 ಮಂದಿ ಬಾಗಿಲಲ್ಲಿ ಎಷ್ಟು ಪ್ರಶ್ನೆ ಕೇಳಿದರೂ ಸಿಕ್ಕಿಬೀಳುತ್ತಿರಲಿಲ್ಲ.

ಹೆರಿಗೆ ವಾರ್ಡಿನ ಲೆಕ್ಕಕ್ಕೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ. ಆಗ ಬೇರೆ ರೋಗಿಗಳು ಆಸ್ಪತ್ರೆ ಅಂದರೆ ಹೆದರಿ ಮನೆಯಲ್ಲೇ ಉಳಿದಿದ್ದರು. ಕಲ್ಲು, ಹರ್ನಿಯಾ, ಕಣ್ಣಿನ ಪೊರೆ ಎಲ್ಲ ಕಾದವು. ಹೆರಿಗೆ ಕಾಯುವುದಿಲ್ಲ. ಹಾಗಾಗಿ ಆ ವಾರ್ಡಿಗೆ ಬಂದವರು ಊರಿನ ಆ ವಯಸ್ಸಿನ ಹೆಣ್ಣುಮಕ್ಕಳೇ, ಕೋವಿಡ್ ಶಂಕೆಯಿಂದ ಆರಿಸಿ ತಂದವರಲ್ಲ. ಅಲ್ಲಿ ನೂರಕ್ಕೆ 13 ಇದ್ದರೆ ಹೊರಗೆ ಬೀದಿಯಲ್ಲೂ ಅದರ ಹತ್ತಿರ ಹತ್ತಿರ ಇತ್ತು ಅಂತ ಅರ್ಥ. ಅದೇ ಏಪ್ರಿಲ್‌ನಲ್ಲಿ ಪಕ್ಕದ ಕನೆಕ್ಟಿಕಟ್ ರಾಜ್ಯದ ದಕ್ಷಿಣ ಭಾಗದ ಆಸ್ಪತ್ರೆಗಳಲ್ಲೂ ಹೆರಿಗೆಗೆ ಬಂದವರನ್ನು ಹೀಗೇ ನೋಡಿದರು. ಲಕ್ಷಣ ಇಲ್ಲದವರಲ್ಲಿ ಸಿಕ್ಕದ್ದು ನೂರಕ್ಕೆ ಮೂರರ ಆಸುಪಾಸು. ನಡುವಿನ ದಾರಿ ಕಾರಿನಲ್ಲಿ ಒಂದೆರಡು ಗಂಟೆಯದು. ವೈರಸ್ ಒಂದೇ, ದೇಶ ಒಂದೇ, ಕಾಲವೂ ಹೆಚ್ಚುಕಡಿಮೆ ಒಂದೇ. ನ್ಯೂಯಾರ್ಕಿನಲ್ಲಿ ಅಲೆ ನೆತ್ತಿಯ ಮೇಲಿತ್ತು, ಅಲ್ಲಿ ಅಷ್ಟಿರಲಿಲ್ಲ.

ಇಲ್ಲಿ ಜನ ಎರಡು ಬೇರೆ ಲೆಕ್ಕಗಳನ್ನು ಒಂದರೊಳಗೊಂದು ಸೇರಿಸಿಬಿಡುತ್ತಾರೆ. ಪತ್ರಿಕೆಗಳೂ ಸೇರಿಸಿದವು. ಆರಾಮಾಗಿದ್ದು ಆಸ್ಪತ್ರೆಗೆ ಬಂದ ನೂರು ಜನರಲ್ಲಿ ಎಷ್ಟು ಮಂದಿಗೆ ಸೋಂಕು ಇತ್ತು? ಇದು ಒಂದು ಪ್ರಶ್ನೆ. ಇದಕ್ಕೆ ಉತ್ತರ ಆ ವಾರ ಆ ಊರಿನಲ್ಲಿ ಅಲೆ ಎಷ್ಟು ಎತ್ತರದಲ್ಲಿತ್ತು ಅನ್ನೋದರ ಮೇಲೆ ನಿಂತಿದೆ. ಒಂದು ತಿಂಗಳು 13, ಇನ್ನೊಂದು ತಿಂಗಳು ಸೊನ್ನೆಯ ಹತ್ತಿರ. ಸೋಂಕು ತಗುಲಿದ ನೂರು ಜನರಲ್ಲಿ ಎಷ್ಟು ಮಂದಿಗೆ ಕೊನೆಯವರೆಗೂ ಏನೂ ಆಗಲಿಲ್ಲ? ಇದು ಬೇರೆಯೇ ಪ್ರಶ್ನೆ. ಇದಕ್ಕೆ ಉತ್ತರ ತಿಂಗಳಿಂದ ತಿಂಗಳಿಗೆ ಅಷ್ಟೊಂದು ಕುಣಿಯುವುದಿಲ್ಲ. 2020ರಲ್ಲಿ, ಸೋಂಕಿತರನ್ನು ವಾರಗಟ್ಟಲೆ ಹಿಂಬಾಲಿಸಿ ನೋಡಿದ ಅಧ್ಯಯನಗಳನ್ನು ಒಟ್ಟು ಸೇರಿಸಿದಾಗ ಐದರಲ್ಲಿ ಒಬ್ಬರಿಂದ ಮೂರರಲ್ಲಿ ಒಬ್ಬರವರೆಗೆ ಅಂತ ಬಂತು. ನಮ್ಮಲ್ಲಿ ಜನರ ಬಾಯಲ್ಲಿ ಉಳಿದದ್ದು ನೂರಕ್ಕೆ 80 ಅನ್ನುವ ಮಾತು. 2020ರ ಏಪ್ರಿಲ್‌ನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳಿದ್ದು ನೂರರಲ್ಲಿ 80 ಮಂದಿಗೆ ಲಕ್ಷಣ ಇಲ್ಲ "ಅಥವಾ ಸ್ವಲ್ಪವೇ ಇದೆ" ಅಂತ. ಹೆಡ್‌ಲೈನಿಗೆ ಬರುವಷ್ಟರಲ್ಲಿ ಎರಡನೇ ಅರ್ಧ ಬಿದ್ದುಹೋಯಿತು. ಮೈಕೈ ನೋವು, ಒಂದು ದಿನದ ಗಂಟಲು ಕೆರೆತ ಇದ್ದವರೂ ಆ 80ರೊಳಗೆ ಇದ್ದರು.

ಇನ್ನು ನಿಮ್ಮಮ್ಮನ ವಿಷಯ. ಸ್ವಾಬ್ ತೆಗೆದ ಹೊತ್ತು ಅಂದರೆ ಬಸ್ ಸ್ಟ್ಯಾಂಡಿನಲ್ಲಿ ತೆಗೆದ ಒಂದು ಫೋಟೋ. ಅದರಲ್ಲಿ ಬಸ್ಸು ಹತ್ತಲು ನಿಂತವರೂ ಇರುತ್ತಾರೆ, ಈಗಷ್ಟೇ ಇಳಿದವರೂ ಇರುತ್ತಾರೆ, ಸುಮ್ನೆ ಪೇಪರ್ ಕೊಳ್ಳಲು ಬಂದವರೂ ಇರುತ್ತಾರೆ. ಫೋಟೋದಲ್ಲಿ ಎಲ್ಲರೂ ಒಂದೇ ಥರ ಕಾಣುತ್ತಾರೆ.

ಹತ್ತಲು ನಿಂತವರು ಅಂದರೆ ಲಕ್ಷಣ ಇನ್ನೂ ಶುರುವಾಗದವರು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಿಂಗ್ ಕೌಂಟಿಯಲ್ಲಿ ವಯಸ್ಸಾದ ರೋಗಿಗಳನ್ನು ನೋಡಿಕೊಳ್ಳುವ ಒಂದು ಕೇಂದ್ರ ಇತ್ತು. 2020ರ ಮಾರ್ಚ್‌ನಲ್ಲಿ ಅಲ್ಲಿ 76 ಜನರನ್ನು ಪರೀಕ್ಷಿಸಿದಾಗ 48 ಮಂದಿಗೆ ಪಾಸಿಟಿವ್. ಅವರಲ್ಲಿ 27 ಮಂದಿಗೆ ಆ ದಿನ ಏನೂ ಇರಲಿಲ್ಲ. ಆದರೆ ಮುಂದಿನ ಕೆಲವೇ ದಿನಗಳಲ್ಲಿ ಆ 27ರಲ್ಲಿ 24 ಮಂದಿಗೆ ಲಕ್ಷಣ ಬಂತು. ದಕ್ಷಿಣ ಕೊರಿಯಾದ ಚೋನಾನ್‌ನಲ್ಲಿ ಇದಕ್ಕೆ ಉಲ್ಟಾ ಆಯಿತು. ಐಸೋಲೇಶನ್‌ಗೆ ಬಂದ 303 ಜನರಲ್ಲಿ 110 ಮಂದಿಗೆ ಲಕ್ಷಣ ಇರಲಿಲ್ಲ. ಆಮೇಲೂ ಲಕ್ಷಣ ಕಂಡದ್ದು 21 ಮಂದಿಗೆ ಮಾತ್ರ. ಯಾಕೆ ಇಷ್ಟು ವ್ಯತ್ಯಾಸ? ಕೊರಿಯಾದವರಲ್ಲಿ ಬಹುಪಾಲು ಇಪ್ಪತ್ತರ ಹರೆಯದವರು. ಕಿಂಗ್ ಕೌಂಟಿಯವರು ಅಜ್ಜ ಅಜ್ಜಿಯರು.

ಇಳಿದವರು ಅಂದರೆ ಸೋಂಕು ಬಂದು ಹೋದವರು. ಆರ್‌ಟಿ-ಪಿಸಿಆರ್ ಹುಡುಕುವುದು ವೈರಸ್ಸಿನ ಆರ್‌ಎನ್‌ಎ ತುಣುಕನ್ನು. ಆ ವೈರಸ್ ಜೀವಂತ ಇದೆಯೋ ಇಲ್ಲವೋ ಅದಕ್ಕೆ ತಿಳಿಯುವುದಿಲ್ಲ. ವಾಸಿಯಾದ ಮೇಲೂ ಕೆಲವರಲ್ಲಿ ವಾರಗಟ್ಟಲೆ ತುಣುಕು ಸಿಗುತ್ತಿತ್ತು. ಅದಕ್ಕೇ 2020ರ ಮೇ ತಿಂಗಳಿನಿಂದ ನಮ್ಮ ದೇಶದಲ್ಲಿ ಸೌಮ್ಯ ರೋಗಿಗಳನ್ನು ಮತ್ತೆ ಟೆಸ್ಟ್ ಮಾಡದೆ, ಹತ್ತು ದಿನ ಕಳೆದು ಜ್ವರ ಇಲ್ಲ ಅಂದರೆ ಮನೆಗೆ ಕಳಿಸಲು ಶುರು ಮಾಡಿದರು. ನಿಮ್ಮಮ್ಮನಿಗೆ ಜುಲೈನಲ್ಲಿ ಒಂದು ದಿನ ಸುಸ್ತಾಗಿ, "ಬಿಸಿಲಿಗೆ ಇರಬೇಕು" ಅಂತ ಮಲಗಿ ಎದ್ದಿರಲೂಬಹುದು. ಮೂರನೆಯವರು ಕೊನೆಯವರೆಗೂ ಏನೂ ಆಗದವರು. ಟೆಸ್ಟ್ ಆದ ಮೇಲೆ ಎರಡು ವಾರ ಅಮ್ಮ ಆರಾಮಾಗಿಯೇ ಇದ್ದರು ಅಂದರೆ ಅವರು ಇಳಿದವರೋ ಪೇಪರ್ ಕೊಳ್ಳಲು ಬಂದವರೋ ಆಗಿದ್ದಾರೆ.

ಟೆಸ್ಟ್ ಸುಳ್ಳು ಪಾಸಿಟಿವ್ ಕೊಡುವುದೇ ಇಲ್ಲವಾ ಅಂತ ಅಣ್ಣ ಕೇಳಬಹುದು. ಕೊಡುತ್ತದೆ, ಅಪರೂಪಕ್ಕೆ. ಲೆಕ್ಕಕ್ಕೆ ಸಾವಿರ ಟೆಸ್ಟಿಗೆ ಎರಡು ಸುಳ್ಳು ಅಂತ ಇಟ್ಟುಕೊಳ್ಳೋಣ. ಆ ಆಗಸ್ಟ್‌ನಲ್ಲಿ ಕರ್ನಾಟಕದಲ್ಲಿ ನೂರು ಟೆಸ್ಟ್ ಮಾಡಿದರೆ ಹತ್ತಕ್ಕಿಂತ ಹೆಚ್ಚು ಪಾಸಿಟಿವ್ ಬರುತ್ತಿತ್ತು. ಸಾವಿರದಲ್ಲಿ ನೂರು ನಿಜವಾದವು, ಎರಡು ಸುಳ್ಳು. ಪಾಸಿಟಿವ್ ಬಂದವರು ನಿಜವಾಗಿಯೂ ಸೋಂಕಿತರೇ ಆಗಿರುವ ಸಾಧ್ಯತೆ ತುಂಬಾ ಜಾಸ್ತಿ. ಅಲೆ ಇಳಿದು ಸಾವಿರದಲ್ಲಿ ಇಬ್ಬರಿಗೆ ಮಾತ್ರ ಸೋಂಕು ಇರುವ ಕಾಲದಲ್ಲಿ? ಎರಡು ನಿಜ, ಎರಡು ಸುಳ್ಳು. ಅರ್ಧಕ್ಕರ್ಧ! ಅದೇ ಯಂತ್ರ, ಅದೇ ಕಿಟ್, ಅದೇ ಟೆಕ್ನಿಷಿಯನ್. ಆಗ ಟೆಸ್ಟ್ ಮಾಡಿಸಿದ್ದಕ್ಕೂ ಈಗ ಬೇಡ ಅನ್ನುವುದಕ್ಕೂ ಇದೂ ಒಂದು ಕಾರಣ. ಇನ್ನೂ ಇವೆ, ಹೇಳುತ್ತೇನೆ.

ಲ್ಯಾಬಿಗೆ ಬರುವ ಟ್ಯೂಬಿನ ಮೇಲೆ ಒಂದು ನಂಬರ್ ಇರುತ್ತಿತ್ತು. ಅದರ ಹಿಂದೆ ಇರುವವರು ಸಾಹುಕಾರರೋ ಕೂಲಿಯವರೋ ಯಂತ್ರದ ಮುಂದೆ ಕೂತ ಹುಡುಗಿಗೆ ಗೊತ್ತಿರುತ್ತಿರಲಿಲ್ಲ. ಯಂತ್ರದ ಪ್ರತಿ ಸುತ್ತಿನಲ್ಲೂ (ರನ್) ಖಂಡಿತ ಪಾಸಿಟಿವ್ ಬರಲೇಬೇಕಾದ ಒಂದು ಮಾದರಿ, ಬರಲೇಬಾರದ ಒಂದು ಮಾದರಿ ಜೊತೆಗಿರುತ್ತವೆ. ಅವು ಸರಿ ಬರದಿದ್ದರೆ ಇಡೀ ರನ್ ರದ್ದು, ಮತ್ತೆ ಮೊದಲಿಂದ. ಪಿಪಿಇ ಒಳಗೆ ಬೆವರಿಳಿಸುತ್ತಾ, ನೀರು ಕುಡಿಯಲು ಆಗದೆ, ಊಟದ ಹೊತ್ತು ಮೀರಿ ಈ ಕೆಲಸ ಮಾಡಿದ ಹುಡುಗ ಹುಡುಗಿಯರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅವರಲ್ಲಿ ಹಲವರು ಗುತ್ತಿಗೆ ನೌಕರರು. ಅವರನ್ನು ಕಳ್ಳರು ಅಂದರೆ ನನಗೆ ನೋವಾಗುತ್ತದೆ.

ಬಿಲ್ಲಿನ ಮಾತು ಬೇರೆ. ಕೆಲವು ಕಡೆ ರೋಗಿಗಳನ್ನು ಹಿಂಡಿದರು. ಅದಕ್ಕೇ 2020ರ ಜೂನ್‌ನಲ್ಲಿ ನಮ್ಮ ಸರ್ಕಾರ ಖಾಸಗಿ ಆಸ್ಪತ್ರೆಗಳ ಕೋವಿಡ್ ದರಕ್ಕೆ ಮಿತಿ ಹಾಕಬೇಕಾಯಿತು. ನಿಮ್ಮಣ್ಣನ ಸಿಟ್ಟಿನಲ್ಲಿ ಬಿಲ್ಲಿನ ಪಾಲು ಇದ್ದರೆ ಅದು ನ್ಯಾಯವೇ. ಆದರೆ ಬಿಲ್ ಜಾಸ್ತಿ ಆಯಿತು ಅಂದಮಾತ್ರಕ್ಕೆ ವೈರಸ್ ಇರಲಿಲ್ಲ ಅಂತಾಗುವುದಿಲ್ಲ.

ವೈರಸ್ ಎಷ್ಟು ಹರಡಿತ್ತು ಅನ್ನೋದಕ್ಕೆ ನಮ್ಮ ರಾಜ್ಯದ್ದೇ ಲೆಕ್ಕ ಇದೆ. 2020ರ ಸೆಪ್ಟೆಂಬರ್‌ನಲ್ಲಿ, ನಿಮ್ಮಮ್ಮನ ಟೆಸ್ಟ್ ಆದ ಮರು ತಿಂಗಳು, ಕರ್ನಾಟಕದ ಎಲ್ಲ ಜಿಲ್ಲೆಗಳಲ್ಲಿ ಸೀರೋ ಸಮೀಕ್ಷೆ ನಡೆಯಿತು. ರಕ್ತದಲ್ಲಿ ಪ್ರತಿಕಾಯ ಇದೆಯಾ, ಈಗ ಸೋಂಕು ಇದೆಯಾ, ಎರಡನ್ನೂ ನೋಡಿದರು. ರಾಜ್ಯದ ಜನರಲ್ಲಿ ನೂರಕ್ಕೆ 27.3 ಮಂದಿಗೆ ಆಗಲೇ ಸೋಂಕು ತಗುಲಿದೆ ಅಂತ ಅಂದಾಜು ಬಂತು. ಅಂದರೆ ಸುಮಾರು 1.93 ಕೋಟಿ ಜನ. ಟೆಸ್ಟ್ ಆಗಿ ದಾಖಲಾದ ಒಬ್ಬೊಬ್ಬರಿಗೆ ದಾಖಲಾಗದವರು ಹತ್ತಾರು ಮಂದಿ. ಅವರೆಲ್ಲ ಲಕ್ಷಣ ಇಲ್ಲದವರಲ್ಲ, ಅದನ್ನೂ ಹೇಳಬೇಕು. ಜ್ವರ ಬಂದರೂ ಸೀಲ್‌ಡೌನ್‌ಗೆ ಹೆದರಿ ಕಷಾಯ ಕುಡಿದು ಬಾಯಿ ಮುಚ್ಚಿಕೊಂಡವರು ಬಹಳ. ನಿಮ್ಮ ಮನೆ ಮುಂದಿನ ಬ್ಯಾರಿಕೇಡ್ ನೋಡಿದ ಅಕ್ಕಪಕ್ಕದವರು ಟೆಸ್ಟಿಗೆ ಹೋಗಿರುತ್ತಾರಾ? ಬೀದಿಯಲ್ಲಿ ಇಷ್ಟು ಸೋಂಕು ಇದ್ದಾಗ, ಒಂದೇ ದಿನ ಒಂದೇ ಆಸ್ಪತ್ರೆಯಲ್ಲಿ ಕಲ್ಲಿಗೋ ಮೂಳೆಗೋ ಬಂದ ಕೆಲವರಿಗೆ ಪಾಸಿಟಿವ್ ಬಂದದ್ದರಲ್ಲಿ ನನಗೆ ಅನುಮಾನ ಪಡುವಂಥದ್ದು ಕಾಣುವುದಿಲ್ಲ.

ಆಪರೇಷನ್ ಯಾಕೆ ಮುಂದಕ್ಕೆ ಹಾಕಿದರು? ಅಮ್ಮನ ಜೀವಕ್ಕೆ. 2020ರ ಮೇ ತಿಂಗಳಲ್ಲಿ 24 ದೇಶಗಳ ಆಸ್ಪತ್ರೆಗಳು ಸೇರಿ ಒಂದು ವರದಿ ಪ್ರಕಟಿಸಿದವು. ಆಪರೇಷನ್ನಿನ ಆಸುಪಾಸಿನಲ್ಲಿ ಕೋವಿಡ್ ಕಂಡ 1128 ರೋಗಿಗಳ ಲೆಕ್ಕ ಅದು. ಮೂವತ್ತು ದಿನದೊಳಗೆ ನೂರಕ್ಕೆ 23.8 ಮಂದಿ ತೀರಿಕೊಂಡಿದ್ದರು. ಅರ್ಧದಷ್ಟು ಜನರಿಗೆ ಶ್ವಾಸಕೋಶದ ತೊಂದರೆ. ಅವರಲ್ಲಿ ಆಪರೇಷನ್ನಿಗೆ ಮುಂಚೆಯೇ ಸೋಂಕು ಗೊತ್ತಾಗಿದ್ದದ್ದು ಕಾಲು ಭಾಗದಷ್ಟು ಜನರಿಗೆ ಮಾತ್ರ. ಉಳಿದವರಿಗೆ ಗೊತ್ತಾದದ್ದು ಆಮೇಲೆ. ತುರ್ತು ಆಪರೇಷನ್‌ಗಳೇ ಜಾಸ್ತಿ ಇದ್ದ ಲೆಕ್ಕ ಅದು, ನಿಮ್ಮಮ್ಮನಿಗೂ ಅಷ್ಟೇ ಅಪಾಯ ಇತ್ತು ಅನ್ನುತ್ತಿಲ್ಲ. ಆದರೆ ಆ ವರದಿ ಓದಿದ ಯಾವ ಸರ್ಜನ್ ತಾನೇ ಪಾಸಿಟಿವ್ ಬಂದವರಿಗೆ ಕಾಯಬಹುದಾದ ಆಪರೇಷನ್ ಮಾಡುತ್ತಿದ್ದರು? ಮರು ವರ್ಷ 1,40,231 ರೋಗಿಗಳ ಇನ್ನೂ ದೊಡ್ಡ ಲೆಕ್ಕ ಬಂತು. ಸೋಂಕು ಗೊತ್ತಾಗಿ ಏಳು ವಾರ ಕಳೆದ ಮೇಲೆ ಮಾಡಿದ ಆಪರೇಷನ್ನಿನಲ್ಲಿ ಸಾವಿನ ಅಪಾಯ ಸೋಂಕೇ ಆಗದವರಷ್ಟಕ್ಕೆ ಇಳಿದಿತ್ತು. ಎರಡು ವಾರದೊಳಗೆ ಮಾಡಿದವರಲ್ಲಿ ಅದು ಎರಡೂವರೆ ಪಟ್ಟಿಗಿಂತ ಹೆಚ್ಚು.

ಈಗ ಅಪ್ಪನಿಗೆ ಯಾಕೆ ಬೇಡ? ಲಸಿಕೆ ಬಂತು. ಬಹುತೇಕ ಎಲ್ಲರಿಗೂ ಒಮ್ಮೆಯಾದರೂ ಸೋಂಕು ಬಂದು ಹೋಯಿತು. ಒಮಿಕ್ರಾನ್ ಬಂದ ಮೇಲೆ ರೋಗ ಸೌಮ್ಯವಾಯಿತು. ಇದರ ಜೊತೆಗೆ ಎಲ್ಲರಿಗೂ ಟೆಸ್ಟ್ ಮಾಡುವುದರಿಂದ ಆಗುವ ಹಾನಿಯೂ ಕಣ್ಣಿಗೆ ಕಂಡಿತ್ತು. 2020ರಲ್ಲಿ ಹೊಟ್ಟೆನೋವು ಶುರುವಾದ ಗರ್ಭಿಣಿಯರನ್ನು "ರಿಪೋರ್ಟ್ ಎಲ್ಲಿ?" ಅಂತ ಕೇಳಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಸಿದ್ದನ್ನು ನಾವೆಲ್ಲ ಓದಿದ್ದೇವೆ. ಕಾಪಾಡಲು ಅಂತ ತಂದ ಟೆಸ್ಟ್ ಬಾಗಿಲು ಮುಚ್ಚಲು ನೆಪವಾಯಿತು. ಇದನ್ನು ಬರೆಯುವಾಗ ಈಗಲೂ ನನ್ನ ಕೈ ಬಿಗಿಯಾಗುತ್ತದೆ. ಟೆಸ್ಟ್ ಇಲ್ಲ ಅಂತ ತುರ್ತು ಚಿಕಿತ್ಸೆ, ಹೆರಿಗೆ ತಡ ಮಾಡಬಾರದು ಅಂತ ಐಸಿಎಂಆರ್ ಹೇಳುತ್ತಲೇ ಇತ್ತು. 2022ರ ಜನವರಿ 10ರಂದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಲಕ್ಷಣ ಇಲ್ಲದಿದ್ದರೆ ಆಪರೇಷನ್ನಿಗೆ, ಹೆರಿಗೆಗೆ ಬಂದವರನ್ನು ಕಾರಣವಿಲ್ಲದೆ ಟೆಸ್ಟ್ ಮಾಡಬೇಡಿ ಅಂದಿತು. ಇಂಗ್ಲೆಂಡಿನಲ್ಲಿ ಆರಾಮಾಗಿರುವವರಿಗೆ ಮಾಡುವ ಟೆಸ್ಟನ್ನು ಅದೇ ವರ್ಷ ಆಗಸ್ಟ್ ಕೊನೆಗೆ ನಿಲ್ಲಿಸಿದರು. ಡಿಸೆಂಬರ್‌ನಲ್ಲಿ ಅಮೆರಿಕದ ಆಸ್ಪತ್ರೆ ಸೋಂಕು ತಜ್ಞರ ಸಂಘವೂ ಇದನ್ನೇ ಹೇಳಿತು.

ಹಾಗಾಗಿ ಅಮ್ಮನಿಗೆ ಟೆಸ್ಟ್ ಮಾಡಿದವರೂ ಸರಿ, ಅಪ್ಪನಿಗೆ ಬೇಡ ಅಂದವರೂ ಸರಿ. ಮನೆ ಮುಂದೆ ಬ್ಯಾರಿಕೇಡ್ ಇಟ್ಟು ಹಾಲಿಲ್ಲದ ಹಾಗೆ ಮಾಡಿದ್ದನ್ನು ಮಾತ್ರ ನಾನು ಸರಿ ಅನ್ನಲಾರೆ.

ಪ್ರಶ್ನೆ: ನಾನು ಸ್ಟಾಫ್ ನರ್ಸ್. ಆಗ ಒಪಿಡಿ ಬಾಗಿಲಲ್ಲಿ ಹಣೆಗೆ ಥರ್ಮಲ್ ಗನ್ ಹಿಡಿಯುವ ಡ್ಯೂಟಿ ನನ್ನದು. ಲಕ್ಷಣವೇ ಇಲ್ಲದವರು ಇಷ್ಟು ಜನ ಇದ್ದರೆ ನಾವು ಮಾಡಿದ್ದು ವ್ಯರ್ಥವಾ? ಅವರಿಂದ ನಿಜವಾಗಿಯೂ ಹರಡುತ್ತಿತ್ತಾ?
— ಹುಬ್ಬಳ್ಳಿ

ಉತ್ತರ: ಸಿಸ್ಟರ್, ಜ್ವರ ಇದ್ದವರನ್ನು ಬೇರೆ ಸಾಲಿಗೆ ಕಳಿಸಿದ್ದು ವ್ಯರ್ಥವಲ್ಲ. ಆದರೆ ಗನ್ ಹಸಿರು ತೋರಿಸಿದರೆ ಒಳಗೆ ಬಂದವರು ಸುರಕ್ಷಿತ ಅಂದುಕೊಂಡಿದ್ದರೆ ಅದು ತಪ್ಪು ಧೈರ್ಯ. ಮೇಲೆ ಹೇಳಿದ ನ್ಯೂಯಾರ್ಕಿನ 29 ತಾಯಂದಿರೂ ನಿಮ್ಮ ಗನ್ ದಾಟಿ ಒಳಗೆ ಬರುತ್ತಿದ್ದರು.

ಹರಡುತ್ತಿತ್ತು. ಲಕ್ಷಣ ಇನ್ನೂ ಬರದವರಿಂದ ಜಾಸ್ತಿ, ಕೊನೆಯವರೆಗೂ ಲಕ್ಷಣ ಬಾರದವರಿಂದ ಕಡಿಮೆ. ಲಕ್ಷಣ ಶುರುವಾಗುವ ಎರಡು ದಿನ ಮುಂಚಿನಿಂದಲೇ ವೈರಸ್ ಇನ್ನೊಬ್ಬರಿಗೆ ದಾಟಲು ಶುರುವಾಗುತ್ತದೆ. ಆ ಹೊತ್ತಿನಲ್ಲಿ ಮೂಗು ಗಂಟಲಲ್ಲಿ ಅದು ತುಂಬಿರುತ್ತದೆ. ಕೊನೆಯವರೆಗೂ ಏನೂ ಆಗದವರ ಗಂಟಲಲ್ಲೂ ವೈರಸ್ ಕಡಿಮೆಯೇನಲ್ಲ. ಕೊರಿಯಾದಲ್ಲಿ ಲಕ್ಷಣ ಇಲ್ಲದವರ ಸಿಟಿ ವ್ಯಾಲ್ಯೂ (ಮಾದರಿಯಲ್ಲಿ ವೈರಸ್ ಎಷ್ಟಿದೆ ಅಂತ ಸೂಚಿಸುವ ಆರ್‌ಟಿ-ಪಿಸಿಆರ್ ಅಂಕಿ) ಲಕ್ಷಣ ಇದ್ದವರಷ್ಟೇ ಇತ್ತು. ಆದರೂ ಅವರು ಕೆಮ್ಮುವುದಿಲ್ಲ, ಸೀನುವುದಿಲ್ಲ. ಮನೆಯವರಿಗೆ ಎಷ್ಟು ದಾಟಿತು ಅಂತ ಲೆಕ್ಕ ಹಾಕಿದಾಗ ಲಕ್ಷಣ ಇದ್ದವರಿಗಿಂತ ಸಾಕಷ್ಟು ಕಡಿಮೆ ಬಂತು.

ನಿಮ್ಮಂಥವರನ್ನು ನಿಜವಾಗಿ ಕಾಪಾಡಿದ್ದು ಎಲ್ಲರೂ ಹಾಕಿದ ಮಾಸ್ಕ್. ಯಾರಿಗೆ ಇದೆ, ಯಾರಿಗಿಲ್ಲ ಅಂತ ಮುಖ ನೋಡಿ ಹೇಳಲು ಆಗದಿದ್ದಾಗ ಎಲ್ಲರಿಗೂ ಇದೆ ಅಂತಲೇ ನಡೆದುಕೊಳ್ಳಬೇಕಾಗುತ್ತದೆ. ಎಚ್‌ಐವಿ, ಹೆಪಟೈಟಿಸ್ ಬಿ ವಿಷಯದಲ್ಲಿ ನೀವು ಇದನ್ನು ಎಷ್ಟೋ ವರ್ಷದಿಂದ ಮಾಡುತ್ತಿದ್ದೀರಿ. ಎಲ್ಲರ ರಕ್ತವನ್ನೂ ಗ್ಲೌಸ್ ಹಾಕಿಯೇ ಮುಟ್ಟುತ್ತೀರಿ ಅಲ್ವಾ? ಆ ಬಿಸಿಲಿನಲ್ಲಿ ಪ್ಲಾಸ್ಟಿಕ್ ಗೌನ್ ಹಾಕಿ ಬಾಗಿಲಲ್ಲಿ ನಿಂತಿರಿ. ನಿಮಗೆ ನನ್ನ ನಮಸ್ಕಾರ.

ಪ್ರಶ್ನೆ: 2022ರ ಜನವರಿಯಲ್ಲಿ "ಆಸ್ಪತ್ರೆಯಲ್ಲಿ ಇಷ್ಟು ಸಾವಿರ ಕೋವಿಡ್ ರೋಗಿಗಳು" ಅಂತ ದಿನಾ ಬರುತ್ತಿತ್ತು. ಅವರಲ್ಲಿ ಎಷ್ಟು ಜನ ಕೋವಿಡ್‌ಗಾಗಿ ಸೇರಿದವರು?
— ಬೆಂಗಳೂರು

ಉತ್ತರ: ಒಳ್ಳೆಯ ಪ್ರಶ್ನೆ. ನ್ಯೂಯಾರ್ಕ್ ರಾಜ್ಯದ ಸರ್ಕಾರ ಇದನ್ನೇ ಬಿಡಿಸಿ ಕೇಳಿತು. ಆ ಜನವರಿ ಮೊದಲ ವಾರದ ಲೆಕ್ಕದಲ್ಲಿ, ಆಸ್ಪತ್ರೆಯಲ್ಲಿದ್ದ ಕೋವಿಡ್ ಪಾಸಿಟಿವ್ ರೋಗಿಗಳಲ್ಲಿ ನೂರಕ್ಕೆ 42 ಮಂದಿ ಬೇರೆ ಕಾರಣಕ್ಕೆ ಸೇರಿದವರು. ನ್ಯೂಯಾರ್ಕ್ ನಗರದಲ್ಲಿ ಅದು ಅರ್ಧದಷ್ಟು. ಕಾಲು ಮುರಿದುಕೊಂಡು ಬಂದವರು, ಹೆರಿಗೆಗೆ ಬಂದವರು. ಟೆಸ್ಟ್ ಮಾಡಿದಾಗ ಪಾಸಿಟಿವ್ ಬಂದಿತ್ತು. ಒಮಿಕ್ರಾನ್ ಅಷ್ಟು ವೇಗವಾಗಿ ಹರಡಿತ್ತು. ಆ ವಾರ ಯಾರನ್ನು ಟೆಸ್ಟ್ ಮಾಡಿದರೂ ಸಿಗುವ ಹಾಗಿತ್ತು.

ಅವರನ್ನೆಲ್ಲ "ಸುಮ್ನೆ ಲೆಕ್ಕಕ್ಕೆ ಸೇರಿಸಿದರು" ಅನ್ನಲೂ ಆಗುವುದಿಲ್ಲ. ಸಕ್ಕರೆ ಕಾಯಿಲೆ ಇದ್ದವರಿಗೆ ಸಣ್ಣ ಸೋಂಕಿನಿಂದಲೇ ಸಕ್ಕರೆ ಏರಿ ಆಸ್ಪತ್ರೆ ಸೇರುವಂತಾಗಬಹುದು. ಕಾರಣದ ಕಾಲಂನಲ್ಲಿ "ಸಕ್ಕರೆ" ಅಂತ ಬರೆದಿರುತ್ತಾರೆ, ಒಳಗೆ ಕೋವಿಡ್‌ನ ಕೈ ಇರುತ್ತದೆ. ಜೊತೆಗೆ, ಲಕ್ಷಣ ಇಲ್ಲದ ಒಬ್ಬರು ಕೀಮೋಥೆರಪಿ ವಾರ್ಡಿನಲ್ಲಿ ಮಲಗಿದರೆ ಪಕ್ಕದ ಮಂಚದವರಿಗೆ ಅದು ಜೀವದ ಪ್ರಶ್ನೆ. ಅಂಥ ವಾರ್ಡುಗಳಲ್ಲಿ ಈಗಲೂ ಬೇಕೆನಿಸಿದಾಗ ಟೆಸ್ಟ್ ಮಾಡುವುದನ್ನು ನಾನು ಒಪ್ಪುತ್ತೇನೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಎಲ್ಲರೂ ಜ್ವರದಲ್ಲಿ ಮಲಗಿದಾಗ ನಮ್ಮ ದೊಡ್ಡಮ್ಮನಿಗೆ ಮಾತ್ರ ಏನೂ ಆಗಲಿಲ್ಲ. ಪಾಸಿಟಿವ್ ಅವರಿಗೂ ಇತ್ತು. ಎಲ್ಲರಿಗೂ ಗಂಜಿ ಮಾಡಿ ಹಾಕಿದ್ದು ಅವರೇ. ಕೆಲವರಿಗೆ ಯಾಕೆ ಹೀಗೆ?
— ಶಿಕ್ಷಕರು, ಕೊಪ್ಪಳ ಜಿಲ್ಲೆ

ಉತ್ತರ: ದೊಡ್ಡಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ಇದಕ್ಕೆ ಒಂದು ಸುಂದರವಾದ ಉತ್ತರ 2023ರ ಜುಲೈನಲ್ಲಿ ಬಂತು. ಅಮೆರಿಕದಲ್ಲಿ ಅಸ್ಥಿಮಜ್ಜೆ ದಾನಕ್ಕೆ ಹೆಸರು ಕೊಟ್ಟ ಸುಮಾರು 30 ಸಾವಿರ ಜನ ಇದ್ದರು. ದಾನಕ್ಕೆ ಹೊಂದಿಕೆ ನೋಡಲು ಅವರ ಎಚ್‌ಎಲ್‌ಎ ಜೀನ್‌ಗಳನ್ನು ಮೊದಲೇ ಪರೀಕ್ಷಿಸಿ ಇಟ್ಟಿದ್ದರು. ನಮ್ಮ ಜೀವಕೋಶ ಸೋಂಕು ತಗುಲಿದಾಗ ವೈರಸ್ಸಿನ ಚೂರನ್ನು ಹೊರಗೆ ಹಿಡಿದು ತೋರಿಸುವ ಪ್ರೋಟೀನು ಈ ಜೀನ್‌ಗಳದ್ದು. ಟಿ ಕೋಶಗಳು ಅದನ್ನು ನೋಡಿ ಗುರುತು ಹಿಡಿಯುತ್ತವೆ. ಈ ಜನ ಮೊಬೈಲ್ ಆ್ಯಪ್‌ನಲ್ಲಿ ತಮ್ಮ ಲಕ್ಷಣಗಳನ್ನು ಬರೆಯುತ್ತಾ ಬಂದರು. ಲಸಿಕೆ ಹಾಕಿಸಿಕೊಳ್ಳುವ ಮುಂಚೆ ಸೋಂಕು ಬಂದವರು 1428 ಮಂದಿ. ಅವರಲ್ಲಿ 136 ಮಂದಿಗೆ ಏನೂ ಆಗಿರಲಿಲ್ಲ. ಎಚ್‌ಎಲ್‌ಎ-ಬಿ 15:01 ಅನ್ನುವ ಒಂದು ಬಗೆ ಇದ್ದವರಲ್ಲಿ ಲಕ್ಷಣ ಬಾರದಿರುವ ಸಾಧ್ಯತೆ ಎರಡು ಪಟ್ಟಿಗಿಂತ ಹೆಚ್ಚಿತ್ತು. ಅಪ್ಪ ಅಮ್ಮ ಇಬ್ಬರಿಂದಲೂ ಅದೇ ಬಂದಿದ್ದರೆ ಎಂಟು ಪಟ್ಟಿಗಿಂತ ಹೆಚ್ಚು.

ಯಾಕೆ ಅಂದರೆ, ಮಾಮೂಲಿ ನೆಗಡಿ ತರುವ ಹಳೆಯ ಕೊರೊನಾ ವೈರಸ್‌ಗಳೂ ಇವೆ. ಅವುಗಳ ಒಂದು ಚೂರು ಈ ಹೊಸ ವೈರಸ್ಸಿನ ಒಂದು ಚೂರಿನ ಹಾಗೇ ಇದೆ. ಈ ಜೀನ್ ಇದ್ದವರಲ್ಲಿ ಹಳೆಯ ನೆಗಡಿಯನ್ನು ನೆನಪಿಟ್ಟುಕೊಂಡ ಟಿ ಕೋಶಗಳು ಹೊಸದನ್ನೂ ನೋಡಿದ ಕೂಡಲೇ ಗುರುತು ಹಿಡಿದವು. ರೋಗ ತಲೆ ಎತ್ತುವ ಮುಂಚೆ ಕೆಲಸ ಮುಗಿಯಿತು.

ಎಲ್ಲರ ವಿಷಯದಲ್ಲೂ ಈ ಜೀನೇ ಕಾರಣ ಅಲ್ಲ. ವಯಸ್ಸು, ಲಸಿಕೆ, ಮೊದಲೇ ಬಂದು ಹೋದ ಸೋಂಕು, ಒಳಗೆ ಹೋದ ವೈರಸ್ ಎಷ್ಟು ಅನ್ನೋದು, ಎಲ್ಲ ಸೇರುತ್ತವೆ. ಅಂದಹಾಗೆ, ಲಕ್ಷಣ ಇಲ್ಲದ ಸೋಂಕು ಕೋವಿಡ್‌ನ ಹೊಸ ಚಾಳಿ ಏನಲ್ಲ. ಪೋಲಿಯೋ ತಗುಲಿದ ಮಕ್ಕಳಲ್ಲಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಕಾಲು ಸೋಲುವುದು ಸುಮಾರು ಇನ್ನೂರರಲ್ಲಿ ಒಬ್ಬರಿಗೆ. ಅದಕ್ಕೇ ಒಂದು ಮಗುವಿಗೆ ಪೋಲಿಯೋ ಕಂಡರೂ ಇಡೀ ಊರಿನ ಮಕ್ಕಳಿಗೆ ಹನಿ ಹಾಕುತ್ತಿದ್ದರು.

ಪ್ರಶ್ನೆ: ನಮ್ಮ ಮಾವನಿಗೆ ಮುಂದಿನ ವಾರ ಮಂಡಿ ಆಪರೇಷನ್. ಹೋದ ವಾರ ಎರಡು ದಿನ ನೆಗಡಿ, ಮೈಬಿಸಿ ಇತ್ತು. ಈಗ ಆರಾಮು. ಹೇಳಿದರೆ ಆಪರೇಷನ್ ಮುಂದಕ್ಕೆ ಹಾಕುತ್ತಾರೆ ಅಂತ ಅವರು ಬಾಯಿ ಬಿಡಬೇಡ ಅಂದಿದ್ದಾರೆ. ಏನು ಮಾಡಲಿ?
— ಸೊಸೆ, ಮಂಡ್ಯ

ಉತ್ತರ: ಹೇಳಿ ತಾಯಿ, ದಯವಿಟ್ಟು ಹೇಳಿ. ಈಗ ಬಾಗಿಲಲ್ಲಿ ಎಲ್ಲರಿಗೂ ಟೆಸ್ಟ್ ಮಾಡುವುದಿಲ್ಲ. ರೋಗಿಯ ಬಾಯಿಂದ ಬರುವ ಮಾತನ್ನೇ ಅರಿವಳಿಕೆ ಡಾಕ್ಟರು ನಂಬಿಕೊಂಡಿರುತ್ತಾರೆ. ಕೋವಿಡ್ ಇರಲಿ, ಫ್ಲೂ ಇರಲಿ, ಬರೀ ನೆಗಡಿ ಇರಲಿ, ವಾರದ ಹಿಂದಿನ ಮೈಬಿಸಿ ಅವರಿಗೆ ಬೇಕಾದ ಸುದ್ದಿ. ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳುತ್ತಾರೆ, ಬೇಕಿದ್ದರೆ ಒಂದು ಟೆಸ್ಟ್ ಮಾಡಿಸುತ್ತಾರೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡುವುದೋ ಪೂರ್ತಿ ಮಲಗಿಸಿ ಮಾಡುವುದೋ ಅಂತ ಯೋಚಿಸುತ್ತಾರೆ. ಕೆಲವು ವಾರ ತಡ ಆದರೂ ಆಗಬಹುದು. ಮಂಡಿ ಅಷ್ಟು ದಿನ ಕಾಯುತ್ತದೆ.

ಮಾವನವರಿಗೆ ನೀವು ಹೇಳಿದರೆ ಬೇಸರ ಆಗುತ್ತದೆ ಅಂದರೆ ಪೂರ್ವ ತಪಾಸಣೆಗೆ ಹೋಗುವ ದಿನ ಅವರ ಮಗನನ್ನು ಜೊತೆಗೆ ಕಳಿಸಿ, ಅವರೇ ಹೇಳಲಿ. ಯಾವ ತಾರೀಖಿಗೆ ಶುರುವಾಯಿತು, ಯಾವ ಮಾತ್ರೆ ತಗೊಂಡರು, ಮನೆಯಲ್ಲಿ ಇನ್ನಾರಿಗೆ ಬಂದಿತ್ತು, ಲಸಿಕೆ ಎಷ್ಟು ಡೋಸ್ ಆಗಿದೆ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಡಿ. ಬಿಪಿ, ಸಕ್ಕರೆ ಮಾತ್ರೆಗಳ ಹೆಸರೂ ಅದರಲ್ಲೇ ಇರಲಿ.